ಚಾಳೀಸು ಬಂದ ಕಣ್ಣು ಮತ್ತು ಕೋವಿಯ ಮಣಿ

ಕೊಡಗಿನ ಗೆಳೆಯನೊಬ್ಬನ ಊರಿಗೆ ಕೈಲ್‌ಪೋಳ್ದ್ ಹಬ್ಬಕ್ಕೆ ಹೋಗಿದ್ದೆ. ಸೆಪ್ಟೆಂಬರ್ ಮೊದಲ ವಾರ. ನಾಟಿ ಮುಗಿದ ಗದ್ದೆ, ಬಿಡದೆ ಜಿನುಗುವ ಮಳೆ, ನೆಲ್ಲಕ್ಕಿ ಬಾಡೆಯಲ್ಲಿ ತೋಕ್ ಹೂವಿನಿಂದ ಅಲಂಕರಿಸಿಟ್ಟ ಕೋವಿಗಳು. ಪೂಜೆ, ಊಟ ಮುಗಿದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹುಡುಗರು, ಹೆಂಗಸರು, ನೆಂಟರು ಎಲ್ಲರೂ ಸರದಿಯಲ್ಲಿ ನಿಂತಿದ್ದರು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಒಂದು ಸಣ್ಣ ಪದಕ ಗಿಟ್ಟಿಸಿದ್ದವನು ನಾನು. ಆ ಧೈರ್ಯದಲ್ಲಿ ನಾನೂ ನಿಂತೆ. ಮೂರು ಗುಂಡು ಹೊಡೆದೆ. ತೆಂಗಿನಕಾಯಿ ಇದ್ದಲ್ಲೇ ಇತ್ತು.

ಕೈ ನಡುಗಿರಲಿಲ್ಲ, ಉಸಿರು ಹಿಡಿದಿದ್ದೆ, ಕುದುರೆಯನ್ನು ಎಳೆಯದೆ ಒತ್ತಿದ್ದೆ. ಕಲಿಸಿದ್ದೊಂದನ್ನೂ ಮರೆತಿರಲಿಲ್ಲ. ಆದರೆ ನಳಿಗೆಯ ತುದಿಯಲ್ಲಿರಬೇಕಾದ ಆ ಪುಟ್ಟ ಕಬ್ಬಿಣದ ಮೊಳೆ ಮಾತ್ರ ಮಂಜಿನಲ್ಲಿ ಕರಗಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದ ಗೆಳೆಯನ ದೊಡ್ಡಪ್ಪ, ಎಪ್ಪತ್ತು ದಾಟಿದವರು, ನನ್ನನ್ನು ನೋಡಿ ನಕ್ಕರು. "ಕಾಯಿ ಕಾಣ್ತದೆ, ಮಣಿ ಕಾಣೋದಿಲ್ಲ. ಅಲ್ವಾ ಮಾರಾಯ? ನಿಂಗೂ ಚಾಳೀಸು ಬಂತು" ಅಂದರು. ಆಮೇಲೆ ಎದ್ದು, ಕಿಸೆಯಿಂದ ಒಂದು ಹಳೆಯ ಕನ್ನಡಕ ತೆಗೆದು ಹಾಕಿಕೊಂಡರು. ಅದರ ಬಲಗಾಜಿಗೆ ಕರಿ ಇನ್ಸುಲೇಶನ್ ಟೇಪು ಅಂಟಿಸಿತ್ತು. ಟೇಪಿನ ಮಧ್ಯೆ ಸೂಜಿ ಕಾಯಿಸಿ ಮಾಡಿದಂಥ ಒಂದು ತೂತು. ಮೊದಲ ಗುಂಡಿಗೇ ಕಾಯಿ ಒಡೆಯಿತು.

ಆ ತೂತಿನ ಹಿಂದೆ ಬಿದ್ದು ಓದಿದ್ದರ ಫಲ ಈ ಬರಹ.

ಚಾಳೀಸು ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಪ್ರೆಸ್‌ಬಯೋಪಿಯ ಅನ್ನುತ್ತಾರೆ. ಅದು ಗ್ರೀಕ್ ಮೂಲದ್ದು, 'ಮುದಿಗಣ್ಣು' ಎಂದರ್ಥ. ನಮ್ಮದು ಎಷ್ಟೋ ಮರ್ಯಾದಸ್ಥ ಪದ. ನಲವತ್ತು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಪಂಚಾಂಗವನ್ನು ಕೈ ಚಾಚಿ ಹಿಡಿದು, ಸಾಲದೆ ಕತ್ತನ್ನೂ ಹಿಂದಕ್ಕೆಳೆದುಕೊಂಡು ಓದುವ ಅಪ್ಪಂದಿರನ್ನು ಎಲ್ಲರೂ ಕಂಡಿದ್ದೇವೆ. ಕಣ್ಣೊಳಗಿನ ಮಸೂರ ಎಳವೆಯಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬುತ್ತದೆ, ದೂರಕ್ಕೆ ನೋಡುವಾಗ ಚಪ್ಪಟೆಯಾಗುತ್ತದೆ. ಹತ್ತು ವರ್ಷದ ಮಗುವಿನ ಕಣ್ಣಿಗೆ ಈ ಹಿಗ್ಗು ಕುಗ್ಗಿನ ಶಕ್ತಿ 12ರಿಂದ 14 ಡಯಾಪ್ಟರ್ ಇದ್ದರೆ, 60 ದಾಟಿದವರಿಗೆ ಒಂದು ಉಳಿದರೆ ಹೆಚ್ಚು. ಮಸೂರ ಗಟ್ಟಿಯಾಗುತ್ತಾ ಬರುವುದು ರೋಗವಲ್ಲ, ಆದ್ದರಿಂದ ಅದಕ್ಕೆ ಮದ್ದೂ ಇಲ್ಲ.

ಓದುವವನಿಗೆ ಇದು ಸಣ್ಣ ತೊಂದರೆ, ಕನ್ನಡಕ ಕೊಂಡರೆ ಆಯಿತು. ಗುರಿಕಾರನಿಗೆ ಹಾಗಲ್ಲ. ಕೋವಿಯ ಮೇಲೆ ಹಿಂದೊಂದು ಸೈಟು, ಮುಂದೊಂದು ಸೈಟು ಇರುತ್ತವೆ. (ಬೆಂಗಳೂರಿನ ಕಿವಿಗೆ ಸೈಟು ಎಂದರೆ ಮೂವತ್ತು ನಲವತ್ತರದ್ದು. ಆ ಅರ್ಥವನ್ನು ಈ ಲೇಖನ ಮುಗಿಯುವವರೆಗೆ ಮರೆಯಬೇಕು.) ಹಿಂದಿನದರಲ್ಲಿ ಒಂದು ಕಚ್ಚು, ಮುಂದಿನದರಲ್ಲಿ ಒಂದು ಮೊಳೆ ಅಥವಾ ಮಣಿ, ಆಚೆ ಗುರಿ. ಈ ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಹಿಂದಿನದು ಕಣ್ಣಿನಿಂದ ಒಂದಡಿ, ಒಂದೂವರೆ ಅಡಿ ದೂರ. ಮುಂದಿನದು ಎರಡೂವರೆ, ಮೂರು ಅಡಿ. ಗುರಿ ನೂರು ಗಜವೋ ಇನ್ನೂರು ಗಜವೋ. ಮೂರು ದೂರವನ್ನು ಒಟ್ಟಿಗೆ ಸ್ಪಷ್ಟವಾಗಿ ನೋಡುವುದು ಯಾವ ವಯಸ್ಸಿನ ಕಣ್ಣಿಗೂ ಸಾಧ್ಯವಿಲ್ಲ. ಇಪ್ಪತ್ತರ ಕಣ್ಣು ಒಂದರಿಂದ ಒಂದಕ್ಕೆ ಎಷ್ಟು ಬೇಗ ಜಿಗಿಯುತ್ತದೆಂದರೆ, ಮೂರೂ ಒಟ್ಟಿಗೇ ಕಂಡಂತೆ ಭ್ರಮೆಯಾಗುತ್ತದೆ. ನಲವತ್ತೈದರ ಕಣ್ಣಿಗೆ ಆ ಜಿಗಿತ ಇಲ್ಲ.

ದ್ರೋಣರು ಮರದ ಮೇಲೆ ಹಕ್ಕಿ ಇಟ್ಟು ಏನು ಕಾಣುತ್ತದೆ ಎಂದು ಕೇಳಿದ ಕಥೆಯನ್ನು ನಮ್ಮ ಶಾಲೆಗಳಲ್ಲಿ ಏಕಾಗ್ರತೆಯ ಪಾಠವಾಗಿ ಹೇಳುತ್ತಾರೆ. ಹಕ್ಕಿಯ ಕಣ್ಣು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದ ಅರ್ಜುನ ಬಿಲ್ಲಿಗೆ ಸರಿ. ಕೋವಿ ಹಿಡಿದು ಹಾಗಂದಿದ್ದರೆ ನಮ್ಮ ಎನ್‌ಸಿಸಿ ಹವಾಲ್ದಾರರು ಅವನನ್ನು ಮೈದಾನ ಮೂರು ಸುತ್ತು ಓಡಿಸುತ್ತಿದ್ದರು. ಕೋವಿಯ ವಿದ್ಯೆಯಲ್ಲಿ ಸ್ಪಷ್ಟವಾಗಿ ಕಾಣಬೇಕಾದ್ದು ಮುಂದಿನ ಮಣಿ, ಗುರಿ ಒಂದಿಷ್ಟು ಮಸುಕಾದರೂ ಚಿಂತೆಯಿಲ್ಲ. ಇದಕ್ಕೆ ಸರಳ ಲೆಕ್ಕವಿದೆ. ಎರಡು ಸೈಟುಗಳ ನಡುವೆ 60 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಮಣಿ ಇರಬೇಕಾದಲ್ಲಿಂದ ಒಂದು ಮಿಲಿಮೀಟರ್ ಸರಿದರೆ ನೂರು ಮೀಟರ್ ಆಚೆ ಗುಂಡು ಹೆಚ್ಚುಕಡಿಮೆ 17 ಸೆಂಟಿಮೀಟರ್ ಸರಿಯುತ್ತದೆ. ಮಸುಕಾದ ಮಣಿಯಲ್ಲಿ ಒಂದು ಮಿಲಿಮೀಟರನ್ನು ಯಾರು ಅಳೆದಾರು? ಚಾಳೀಸು ಕಸಿದುಕೊಳ್ಳುವುದು ಇದನ್ನೇ. ದೂರದ ತೆಂಗಿನಕಾಯಿಯನ್ನು ಬಿಟ್ಟುಕೊಟ್ಟು, ಕೈಯಳತೆಯ ಮಣಿಯನ್ನು ಒಯ್ಯುತ್ತದೆ.

ಮುದಿಗಣ್ಣಿನ ಗಾಜು ಮತ್ತು ಕೋವಿ, ಇವೆರಡೂ ಕನ್ನಡದ ನೆಲಕ್ಕೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಂದವು ಎಂಬುದು ಓದುತ್ತಾ ಹೋದಂತೆ ನನಗೆ ಸಿಕ್ಕ ಸೋಜಿಗ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಕೆಲವು ಬಂದೂಕುಧಾರಿಗಳೂ ನೆರವಿಗಿದ್ದರು. ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ವೃತ್ತಾಂತದಲ್ಲಿ ಅದರ ವಿವರ ಇದೆ. ಕೋಟೆಯ ಮೇಲಿಂದ ಇಣುಕಿದವರನ್ನು ಅವರು ಒಬ್ಬೊಬ್ಬರಾಗಿ ಹೊಡೆದುರುಳಿಸಿದರು. ಗೋಡೆ ಕಾಯುವವರು ತಲೆ ಎತ್ತಲು ಹೆದರಿದ್ದರಿಂದ ಕೆಳಗಿನವರು ನಿರಾತಂಕವಾಗಿ ಕಲ್ಲು ಕೀಳಲು ತೊಡಗಿದರು. ಕೊನೆಗೆ ಕೋಟೆಯ ಅಧಿಕಾರಿಯೇ ಹಣೆಗೆ ಗುಂಡು ತಗುಲಿ ಸತ್ತ. ಅದೇ ಕೃಷ್ಣದೇವರಾಯ ಗುರುವೆಂದು ಗೌರವಿಸಿದ ವ್ಯಾಸರಾಯರ ಜೀವನಚರಿತ್ರೆಯನ್ನು ಸೋಮನಾಥ ಕವಿ ಸಂಸ್ಕೃತದಲ್ಲಿ 'ವ್ಯಾಸಯೋಗಿಚರಿತ' ಎಂದು ಬರೆದಿದ್ದಾನೆ. ಅದರಲ್ಲಿ ವೃದ್ಧ ಯತಿಗಳು ಗಾಜಿನ ಸಾಧನವೊಂದರ ಸಹಾಯದಿಂದ ಗ್ರಂಥ ಓದುತ್ತಿದ್ದ ಚಿತ್ರ ಬರುತ್ತದೆ. ಭಾರತದಲ್ಲಿ ಕನ್ನಡಕದ ಬಳಕೆಗೆ ಸಿಗುವ ಬಹು ಹಳೆಯ ಆಧಾರಗಳಲ್ಲಿ ಇದೂ ಒಂದು ಎಂದು ಗುರುತಿಸಿದವರು ಪುಣೆಯ ಸಂಶೋಧಕ ಪಿ.ಕೆ. ಗೋಡೆ. ಆ ಗಾಜೂ ಪೋರ್ಚುಗೀಸರ ಕೈಯಿಂದಲೇ ಬಂದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ.

ಒಂದೇ ಅರಸನ ಆಳ್ವಿಕೆ. ಒಂದೆಡೆ ದೂರದವನ ಹಣೆ ಹುಡುಕುವ ಕಬ್ಬಿಣ, ಇನ್ನೊಂದೆಡೆ ಹತ್ತಿರದ ಅಕ್ಷರ ಹುಡುಕುವ ಗಾಜು. ಎರಡೂ ಒಂದನ್ನೊಂದು ಭೇಟಿಯಾಗಲು ಮುನ್ನೂರೈವತ್ತು ವರ್ಷ ಹಿಡಿಯಿತು. ಅದಕ್ಕೆ ಕಾರಣವೂ ಇದೆ. ಆ ಕಾಲದ ಬಂದೂಕು ನೂರು ಗಜಕ್ಕೆ ಎಲ್ಲಿ ಬೀಳುತ್ತದೆಂದು ಅದನ್ನು ಮಾಡಿದ ಕಮ್ಮಾರನಿಗೂ ಗೊತ್ತಿರುತ್ತಿರಲಿಲ್ಲ. ಗುಂಡೇ ಅಲೆಯುವಾಗ ಕಣ್ಣಿನ ಮಸುಕು ಲೆಕ್ಕಕ್ಕೆ ಬರುವುದಿಲ್ಲ. ನಳಿಗೆಯೊಳಗೆ ತಿರುಚು ಗೆರೆ ಕೊರೆದ ರೈಫಲ್ ಎಲ್ಲರ ಕೈಗೆ ಬಂದು, ಗುಂಡು ಹೇಳಿದ ಮಾತು ಕೇಳತೊಡಗಿದ ಮೇಲಷ್ಟೇ ತಪ್ಪು ಕಣ್ಣಿನದು ಎಂದು ಗೊತ್ತಾಗಿದ್ದು.

ಅಷ್ಟರಲ್ಲಿ ಕಣ್ಣಿನ ತಪ್ಪು ಏನೆಂದೂ ಗೊತ್ತಾಗಿತ್ತು. ಹತ್ತಿರ ನೋಡುವಾಗ ಬದಲಾಗುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವೋ ಒಳಗಿನ ಮಸೂರವೋ ಎಂಬ ಜಗಳವನ್ನು 1801ರಲ್ಲಿ ಬಗೆಹರಿಸಿದವನು ಲಂಡನ್ನಿನ ಥಾಮಸ್ ಯಂಗ್. ಅವನು ತನ್ನ ಕಣ್ಣಿಗೇ ನೀರು ತುಂಬಿದ, ಗಾಜು ಕೂರಿಸಿದ ಪುಟ್ಟ ಬಟ್ಟಲು ಅಮರಿಸಿಕೊಂಡ. ನೀರೊಳಗೆ ಹೊರಪದರದ ಶಕ್ತಿ ಅಡಗಿಹೋಗುತ್ತದೆ. ಆದರೂ ಅವನ ಕಣ್ಣು ಹತ್ತಿರ ದೂರಗಳಿಗೆ ಹೊಂದಿಕೊಳ್ಳುತ್ತಲೇ ಇತ್ತು, ಹಾಗಾದರೆ ಕೆಲಸ ಒಳಮಸೂರದ್ದು. 1864ರಲ್ಲಿ ಹಾಲೆಂಡಿನ ಡಾಂಡರ್ಸ್, ಚಾಳೀಸು ಬೇರೆ, ಹುಟ್ಟಿನಿಂದ ಬರುವ ದೂರದೃಷ್ಟಿ ದೋಷ ಬೇರೆ ಎಂದು ದೊಡ್ಡ ಗ್ರಂಥವನ್ನೇ ಬರೆದ. ಬೆಂಜಮಿನ್ ಫ್ರಾಂಕ್ಲಿನ್ ಅದಕ್ಕೂ ಮುಂಚೆ, 1785ರಲ್ಲೇ, ಎರಡು ಗಾಜನ್ನು ಅರ್ಧರ್ಧ ಕತ್ತರಿಸಿ ಜೋಡಿಸಿದ ತನ್ನ ಕನ್ನಡಕದ ಬಗ್ಗೆ ಗೆಳೆಯನಿಗೆ ಪತ್ರ ಬರೆದು ಖುಷಿಪಟ್ಟಿದ್ದ. ಆದರೆ ಇಬ್ಭಾಗದ ಕನ್ನಡಕ ಕೋವಿಗೆ ಒದಗುವುದಿಲ್ಲ. ಮಣಿಯೂ ಗುರಿಯೂ ಒಂದೇ ಗೆರೆಯಲ್ಲಿರುವಾಗ ಮೇಲರ್ಧದಲ್ಲಿ ಒಂದು, ಕೆಳಗರ್ಧದಲ್ಲಿ ಒಂದು ನೋಡುವುದು ಹೇಗೆ?

ಪರಿಹಾರ ಬಂದದ್ದು ಗಾಜಿನಿಂದಲ್ಲ, ತೂತಿನಿಂದ. ಸಣ್ಣ ತೂತಿನ ಮೂಲಕ ಬಂದ ಬೆಳಕು ಕತ್ತಲೆಕೋಣೆಯಲ್ಲಿ ಚಿತ್ರ ಬಿಡಿಸುವುದನ್ನು ಸಾವಿರ ವರ್ಷದ ಹಿಂದೆಯೇ ಬಸ್ರಾದ ಇಬ್ನ್ ಅಲ್ ಹೈಥಮ್ ಕೂಲಂಕಷವಾಗಿ ಪರೀಕ್ಷಿಸಿದ್ದ. ತೂತು ಚಿಕ್ಕದಾದಷ್ಟೂ ವಸ್ತುವಿನ ಪ್ರತಿಯೊಂದು ಬಿಂದುವಿನಿಂದ ಒಂದೇ ಒಂದು ಎಳೆ ಬೆಳಕು ಒಳಗೆ ಬರುತ್ತದೆ. ಆಗ ಮಸೂರ ಎಲ್ಲಿ ನೆಟ್ಟಿದೆ ಎಂಬುದು ಮುಖ್ಯವಾಗುವುದಿಲ್ಲ, ಹತ್ತಿರದ್ದೂ ದೂರದ್ದೂ ಸಾಕಷ್ಟು ಚೊಕ್ಕಟವಾಗಿ ಮೂಡುತ್ತವೆ. ಕನ್ನಡಕ ಮರೆತ ದಿನ ಬೆರಳುಗಳನ್ನು ಮಡಿಚಿ ಸಂದಿಯಲ್ಲಿ ಬಸ್ಸಿನ ಬೋರ್ಡು ಓದಿ ನೋಡಿ, ಗೊತ್ತಾಗುತ್ತದೆ.

ಹಿಂದಿನ ಸೈಟಿನ ಕಚ್ಚು ತೆಗೆದು ಅಲ್ಲಿ ತೂತಿರುವ ಬಿಲ್ಲೆ ಕೂರಿಸಿದರೆ ಮೂರು ಕೆಲಸ ಎರಡಾಗುತ್ತದೆ. ತೂತನ್ನು ನೋಡಬೇಕಿಲ್ಲ, ಅದರ ಮೂಲಕ ನೋಡಿದರೆ ಸಾಕು. ಇದರ ಅಬ್ಬರದ ಪ್ರದರ್ಶನ ನಡೆದದ್ದು 1874ರ ಸೆಪ್ಟೆಂಬರ್ 26ರಂದು, ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿದ್ದ ಕ್ರೀಡ್‌ಮೂರ್ ಮೈದಾನದಲ್ಲಿ. ಐರ್ಲೆಂಡಿನ ಆರು ಮಂದಿ, ಅಮೆರಿಕದ ಆರು ಮಂದಿ. 800, 900, 1000 ಗಜಗಳಿಂದ ಒಬ್ಬೊಬ್ಬರಿಗೆ ಹದಿನೈದು ಹದಿನೈದು ಗುಂಡು. ದುರ್ಬೀನು ಇಲ್ಲ. ಕೋವಿಯ ಹಿಡಿಯ ಮೇಲೆ ಎದ್ದು ನಿಲ್ಲುವ, ವರ್ನಿಯರ್ ಅಳತೆ ಕೆತ್ತಿದ ಪಟ್ಟಿ, ಅದರಲ್ಲಿ ಸೂಜಿತೂತಿನ ಬಿಲ್ಲೆ. ಮುಂದೆ ಗುಂಡು ಮನೆಯೊಳಗೆ ಕೂರಿಸಿದ ಮಣಿ. ಐರಿಶರದು ಬಾಯಿಂದ ಮದ್ದು ತುಂಬುವ ರಿಗ್ಬಿ ಕೋವಿ. ಅಮೆರಿಕನ್ನರದು ಹಿಂದಿನಿಂದ ತೋಟಾ ಹಾಕುವ ಹೊಸ ರೆಮಿಂಗ್ಟನ್ ಮತ್ತು ಶಾರ್ಪ್ಸ್. ಬಾಯಿಯ ಕೋವಿಯೇ ನಿಖರ ಎಂದು ಅಂದಿನ ಪಂಡಿತರು ನಂಬಿದ್ದರು.

ಅಂದು ಐರಿಶ್ ತಂಡದ ಮಿಲ್ನರ್ ಎಂಬಾತ ಹೊಡೆದ ಒಂದು ಗುಂಡು ನಡುಮಧ್ಯಕ್ಕೇ ಬಿತ್ತು, ಪಕ್ಕದವರ ಗುರಿಹಲಗೆಯ ನಡುಮಧ್ಯಕ್ಕೆ! ಅಂಕ ಸೊನ್ನೆ. ಮಧ್ಯಕ್ಕೆ ಬಿದ್ದರೆ ನಾಲ್ಕು ಅಂಕ ಸಿಗುತ್ತಿತ್ತು. ಕೊನೆಗೆ ಉಳಿದದ್ದು ಅಮೆರಿಕದ ಕರ್ನಲ್ ಜಾನ್ ಬೊಡೈನನ ಒಂದೇ ಗುಂಡು. ಆಗ ಐರಿಶರು ಒಂದು ಅಂಕದಿಂದ ಮುಂದಿದ್ದರು. ಬೊಡೈನನನ್ನು ಜನ 'ನಂಬಿಗಸ್ತ ಮುದುಕ' ಎಂಬರ್ಥದ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ಬಾಯಾರಿ ಶುಂಠಿ ಪಾನಕದ ಬಾಟಲಿ ತೆಗೆಯಲು ಹೋದಾಗ ಅದು ಸಿಡಿದು ಅವನ ಕೈ ಕುಯ್ದಿತ್ತು. ರಕ್ತ ಒಸರುವ ಕೈಗೆ ಕರವಸ್ತ್ರ ಸುತ್ತಿಕೊಂಡು ಮಲಗಿದ. ಸಾವಿರ ಗಜದಾಚೆಯ ಹಲಗೆಯನ್ನು ಆ ತೂತಿನ ಮೂಲಕ ನೋಡಿ ಕುದುರೆ ಒತ್ತಿದ. ಗುಂಡು ನಡುವಿಗೆ ಬಿತ್ತು. 934ಕ್ಕೆ 931. ಮಿಲ್ನರನ ಆ ಒಂದು ಗುಂಡು ತನ್ನ ಹಲಗೆಗೆ ಬಿದ್ದಿದ್ದರೆ ಐರಿಶರು ಒಂದು ಅಂಕದಿಂದ ಗೆಲ್ಲುತ್ತಿದ್ದರು. ತೂತು ನೋಟವನ್ನು ಚೊಕ್ಕ ಮಾಡಬಹುದು, ಯಾವ ಹಲಗೆ ನಿನ್ನದು ಎಂದು ಹೇಳಿಕೊಡುವುದಿಲ್ಲ!

ಆದರೆ ಆ ಸೂಜಿತೂತು ಬಯಲಿಗೆ, ಬಿಸಿಲಿಗೆ, ಸಾವಧಾನಕ್ಕೆ ಹೇಳಿಮಾಡಿಸಿದ್ದು. ಕಾಡಿನ ಮಬ್ಬಿನಲ್ಲಿ ಅದರೊಳಗೆ ಕತ್ತಲೆಯೇ ಕಾಣುವುದು. ಇದನ್ನು ಬಿಡಿಸಿದವನು ಅಮೆರಿಕದ ಕನೆಕ್ಟಿಕಟ್‌ನ ವಿಲಿಯಂ ಲೈಮನ್. ಈತ ದೋಣಿಯಲ್ಲಿ ಹುಟ್ಟು ಹಾಕುವವನು ಹಿಂದಕ್ಕೆ ಮುಖ ಮಾಡಿ ಕೂರುವ ಬದಲು ಮುಂದೆ ನೋಡುತ್ತಲೇ ಹುಟ್ಟು ಹಾಕುವ ಸಲಕರಣೆಯನ್ನೂ ಕಂಡುಹಿಡಿದಿದ್ದ. ಎಲ್ಲಿ ನೋಡಬೇಕು ಎಂಬುದೇ ಅವನ ಜೀವಮಾನದ ಚಿಂತೆಯಾಗಿತ್ತು ಎಂದು ಕಾಣುತ್ತದೆ. 1879ರಲ್ಲಿ ಅವನು ಪೇಟೆಂಟ್ ಪಡೆದ ಸೈಟಿನಲ್ಲಿ ತೂತು ದೊಡ್ಡದು, ಸುತ್ತಲಿನ ಅಂಚು ಬಳೆಯ ಹಾಗೆ ತೆಳು. ಕಣ್ಣಿನ ಹತ್ತಿರ ಹಿಡಿದಾಗ ಅಂಚು ಮಸುಕಾಗಿ ಮಾಯವಾಗುತ್ತದೆ. ಕಣ್ಣು ತಾನೇ ತಾನಾಗಿ ಮಣಿಯನ್ನು ಹೆಚ್ಚು ಬೆಳಕಿರುವ ಜಾಗಕ್ಕೆ, ಅಂದರೆ ತೂತಿನ ನಟ್ಟನಡುವಿಗೆ, ತಂದು ನಿಲ್ಲಿಸಿಕೊಳ್ಳುತ್ತದೆ. ಯಾರೂ ಕಲಿಸಬೇಕಿಲ್ಲ. ಮುಂದೆ ಎರಡನೇ ಮಹಾಯುದ್ಧದ ಸೈನಿಕರ ಕೋವಿಗಳಿಗೆ, ಅಮೆರಿಕದ ಗ್ಯಾರಂಡ್‌ಗೂ ಬ್ರಿಟನ್ನಿನ ನಂಬರ್ 4 ಲೀ ಎನ್‌ಫೀಲ್ಡ್‌ಗೂ, ಬಂದದ್ದು ಇದೇ ತತ್ತ್ವ.

ಮೊದಲ ಮಹಾಯುದ್ಧದ ನಡುವೆ ಬ್ರಿಟಿಷರು ಇನ್ನೊಂದು ವಿಚಿತ್ರ ಪ್ರಯೋಗ ಮಾಡಿದರು. ಜರ್ಮನರ ಹತ್ತಿರ ದುರ್ಬೀನು ಹಚ್ಚಿದ ಕೋವಿಗಳಿದ್ದವು, ಇವರ ಹತ್ತಿರ ಸಾಲದು. ಆಗ ಗೆಲಿಲಿಯೋನ ದೂರದರ್ಶಕವನ್ನೇ ಬಿಡಿಸಿ ಕೋವಿಗೆ ಹಚ್ಚಿದರು. ಮುಂದಿನ ಸೈಟಿನ ಬಳಿ ಒಂದು ಉಬ್ಬುಗಾಜು, ಹಿಂದಿನ ಸೈಟಿನ ಬಳಿ ಒಂದು ತಗ್ಗುಗಾಜು, ನಡುವೆ ಕೊಳವೆಯೇ ಇಲ್ಲ, ಬರೀ ಗಾಳಿ. ಲ್ಯಾಟಿ, ನೀಲ್, ಮಾರ್ಟಿನ್ ಮುಂತಾದ ಹೆಸರಿನಲ್ಲಿ ಬಂದ ಈ ಗಾಜುಗಳು ಗುರಿಯನ್ನು ಎರಡು ಮೂರು ಪಟ್ಟು ದೊಡ್ಡದು ಮಾಡಿದವು, ನಿಜ. ಆದರೆ ಕಾಣುವ ಜಾಗ ಕೀಲಿಕೈ ರಂಧ್ರದಷ್ಟು, ಮಳೆ ಬಂದರೆ ಗಾಜಿನ ಮೇಲೆ ಹನಿ, ಕಂದಕದ ಕೆಸರು ಬೇರೆ. ಹೆಚ್ಚು ಕಾಲ ಬಾಳಲಿಲ್ಲ.

ನಿಜವಾದ ಜಾಣತನ ಅದಕ್ಕೂ ಮೊದಲೇ ಡಬ್ಲಿನ್ನಿನಲ್ಲಿ ಹುಟ್ಟಿಯಾಗಿತ್ತು. ಸರ್ ಹೋವರ್ಡ್ ಗ್ರಬ್ ಕೋವಿಯ ಮನುಷ್ಯನಲ್ಲ, ನಕ್ಷತ್ರ ನೋಡುವವರಿಗೆ ದೂರದರ್ಶಕ ಮಾಡಿಕೊಡುವವನು. ಭಾವನಗರದ ಮಹಾರಾಜರ ನೆರವಿನಿಂದ ಪುಣೆಗೆ ಬಂದು, ಆಮೇಲೆ ಕೊಡೈಕೆನಾಲ್ ಸೇರಿದ 20 ಅಂಗುಲದ ದೂರದರ್ಶಕ ಅವನ ಕಾರ್ಖಾನೆಯದೇ. ಈಗ ಕೊಡೈಕೆನಾಲ್ ವೀಕ್ಷಣಾಲಯ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಭಾಗ. 1900ರಲ್ಲಿ ಗ್ರಬ್ ಪೇಟೆಂಟ್ ಪಡೆದು, ಮರುವರ್ಷ ಅಲ್ಲಿನ ವಿದ್ವತ್ಸಭೆಯ ಪತ್ರಿಕೆಯಲ್ಲಿ ವಿವರಿಸಿದ ಯೋಚನೆ ಹೀಗೆ: ಕೋವಿಯ ನೇರಕ್ಕೆ ಸರ್ಚ್‌ಲೈಟಿನಂಥ ಒಂದು ಬೆಳಕಿನ ಕೋಲು ಹೊರಟು ಗುರಿಯ ಮೇಲೆ ಚುಕ್ಕೆ ಇಡುವಂತಿದ್ದರೆ ಸೈಟಿನ ಗೋಜೇ ಇರುತ್ತಿರಲಿಲ್ಲ. ಅದು ಆಗದ ಮಾತು. ಆದರೆ ಚುಕ್ಕೆಯನ್ನು ಗುರಿಯ ಮೇಲೆ ಬೀಳಿಸುವ ಬದಲು ನೋಡುವವನ ಕಣ್ಣಿಗಷ್ಟೇ ಹಾಗೆ ತೋರಿಸಬಹುದಲ್ಲ? ಕೋವಿಯ ಮೇಲೊಂದು ಪಾರದರ್ಶಕ ಗಾಜು. ಅದರಲ್ಲಿ ಪ್ರತಿಫಲಿಸುವ ಒಂದು ಗುರುತು. ಮಸೂರದ ಸಹಾಯದಿಂದ ಆ ಗುರುತಿನ ಕಿರಣಗಳನ್ನು ಸಮಾನಾಂತರ ಮಾಡಿದರೆ, ನಕ್ಷತ್ರದ ಬೆಳಕಿನ ಹಾಗೆ ಅದು ಅನಂತ ದೂರದಿಂದ ಬಂದಂತೆ ಕಾಣುತ್ತದೆ. ಕಣ್ಣಿಗೆ ಈಗ ಒಂದೇ ದೂರ. ಮಣಿಯೇ ಗುರಿಯ ಪಕ್ಕಕ್ಕೆ ಹೋಗಿ ನಿಂತಿದೆ.

ಮುದಿಗಣ್ಣಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಆದರೆ ಅದರ ಫಲ ಮೊದಲು ಸಿಕ್ಕಿದ್ದು ಇಪ್ಪತ್ತರ ಹರೆಯದ ಯುದ್ಧ ವಿಮಾನದ ಚಾಲಕರಿಗೆ. ಎರಡನೇ ಮಹಾಯುದ್ಧದ ಫೈಟರ್ ವಿಮಾನಗಳಲ್ಲಿ ಇದ್ದದ್ದು ಗ್ರಬ್ ತತ್ತ್ವದ ಸೈಟು. ಕೈಕೋವಿಯ ಮೇಲೆ ಕೂರುವಷ್ಟು ಪುಟ್ಟದಾಗಲು ಪುಟ್ಟ ದೀಪ ಬೇಕಿತ್ತು. ಅದು ಎಲ್‌ಇಡಿಯಾಗಿ ಬಂತು, 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಎಂಬ ಕಂಪನಿ ಕೆಂಪು ಚುಕ್ಕೆಯ ಸೈಟನ್ನು ಮಾರುಕಟ್ಟೆಗೆ ತಂದಿತು. 1997ರಲ್ಲಿ ಅಮೆರಿಕದ ಸೇನೆಯೂ ಅದನ್ನು ಒಪ್ಪಿಕೊಂಡಿತು.

ಹಾಗಾದರೆ ಕಬ್ಬಿಣದ ಸೈಟಿನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿಲ್ಲ. ಬ್ಯಾಟರಿ ಸಾಯುತ್ತದೆ, ಗಾಜು ಒಡೆಯುತ್ತದೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಹಟ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನಿಗೂ ಕೆಂಪು ಚುಕ್ಕೆಗೂ ಪ್ರವೇಶವಿಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದೂ ತೂತಿನ ಸೈಟಿನಲ್ಲೇ. ಪಿಸ್ತೂಲಿನಲ್ಲಿ ಆ ತೂತೂ ಇಲ್ಲ, ಬರೀ ಕಚ್ಚು ಮತ್ತು ಮೊಳೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೋ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲಿಗೆ ನಿಂತಾಗ ಸರಿಯಾಗಿ 40 ವರ್ಷ, ಅಕ್ಷರಶಃ ಚಾಳೀಸು. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರಲ್ಲಿ ಆಂಟ್ವರ್ಪ್‌ನಲ್ಲಿ ಓಡುವ ಜಿಂಕೆಯ ಗುರಿಗೆ ಹೊಡೆದು ತಂಡದ ಬೆಳ್ಳಿ ಪದಕ ಪಡೆದಾಗ ಅವನಿಗೆ 72. ಕ್ರೀಡೆಗಳ ಒಲಿಂಪಿಕ್ ಪದಕ ಪಡೆದವರಲ್ಲಿ ಇಂದಿಗೂ ಅವನೇ ಹಿರಿಯ. ಓಟ, ಈಜು, ಕುಸ್ತಿಯಲ್ಲಿ ಮೊದಲು ಸೋಲುವುದು ಮೈ. ಗುರಿಯ ಆಟದಲ್ಲಿ ಮೈಗಿಂತ ಮೊದಲು ಸೋಲುವುದು ಒಂದು ಕಡಲೆಕಾಳಿನಷ್ಟು ಮಸೂರ. ಅದೊಂದನ್ನು ಸರಿಮಾಡಿದರೆ ಇನ್ನೂ ಇಪ್ಪತ್ತು ವರ್ಷ ಆಡಬಹುದು ಎಂಬ ಆಸೆ ಸಣ್ಣದಲ್ಲ.

ಸಾಮಾನ್ಯ ಉಪಾಯ ಒಂದಿದೆ. ಮಣಿ 80 ಸೆಂಟಿಮೀಟರ್ ದೂರದಲ್ಲಿದ್ದರೆ ಅದನ್ನು ಸ್ಪಷ್ಟ ನೋಡಲು ಕಣ್ಣಿಗೆ ಬೇಕಾದ ಹೆಚ್ಚುವರಿ ಶಕ್ತಿ ಒಂದೂಕಾಲು ಡಯಾಪ್ಟರ್. ಅಷ್ಟನ್ನೂ ಗಾಜಿನಲ್ಲಿ ಕೊಟ್ಟರೆ ಗುರಿ ಮಾಯ. ಅದರ ಅರ್ಧ, ಅರ್ಧದಿಂದ ಮುಕ್ಕಾಲು ಡಯಾಪ್ಟರ್ ಗಾಜು ಕೊಟ್ಟರೆ ಮಣಿಯೂ ಸ್ವಲ್ಪ ಮಸುಕು, ಗುರಿಯೂ ಸ್ವಲ್ಪ ಮಸುಕು, ಉಳಿದದ್ದನ್ನು ತೂತು ನೋಡಿಕೊಳ್ಳುತ್ತದೆ. ಪಂಚಾಯ್ತಿ ಕಟ್ಟೆಯ ತೀರ್ಮಾನದ ಹಾಗೆ ಇಬ್ಬರಿಗೂ ಅರ್ಧ ನಷ್ಟ. ಆದರೆ ತೂತಿಗೂ ಒಂದು ಮಿತಿಯಿದೆ. ಕಿರಿದಾದಷ್ಟೂ ಬೆಳಕು ಕಡಿಮೆ. ಅರವತ್ತರ ಕಣ್ಣಿನ ಪಾಪೆ ಕುಗ್ಗಿ, ಮಸೂರ ಹಳದಿಗಟ್ಟಿ, ಅಕ್ಷಿಪಟಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿನ ಮೂರನೇ ಒಂದಂಶಕ್ಕೆ ಇಳಿದಿರುತ್ತದೆ. ತೂತು ಅದರಲ್ಲೂ ಕಸಿದುಕೊಳ್ಳುತ್ತದೆ. ಇನ್ನೂ ಕಿರಿದು ಮಾಡಿದರೆ ಬೆಳಕು ಅಂಚಿಗೆ ತಾಗಿ ಬಾಗಿ ಹರಡಿ, ಮಸುಕು ಮತ್ತೆ ಹೆಚ್ಚುತ್ತದೆ. ಅದಕ್ಕೆ ವಿವರ್ತನೆ ಎಂದು ಹೆಸರು. ಸಿ.ವಿ. ರಾಮನ್ 1906ರಲ್ಲಿ, ಹದಿನೆಂಟರ ಹುಡುಗನಾಗಿದ್ದಾಗ, ಪ್ರಕಟಿಸಿದ ಮೊಟ್ಟಮೊದಲ ಪ್ರಬಂಧ ಆಯತಾಕಾರದ ಕಿಂಡಿಯಿಂದ ಬರುವ ಇಂಥ ವಿವರ್ತನೆಯ ಪಟ್ಟೆಗಳ ಬಗ್ಗೆಯೇ.

ಹೊಸ ಪರಿಹಾರ ಈ ಶತ್ರುವನ್ನೇ ನಂಟನನ್ನಾಗಿ ಮಾಡಿಕೊಂಡಿದೆ. ಅದರ ಬೇರು 1818ರ ಪ್ಯಾರಿಸ್ಸಿನಲ್ಲಿದೆ. ಬೆಳಕು ಅಲೆ ಎಂದು ವಾದಿಸಿ ರಸ್ತೆ ಸೇತುವೆಗಳ ಎಂಜಿನಿಯರ್ ಫ್ರೆನೆಲ್ ವಿಜ್ಞಾನ ಅಕಾಡೆಮಿಯ ಸ್ಪರ್ಧೆಗೆ ಪ್ರಬಂಧ ಕಳಿಸಿದ. ತೀರ್ಪುಗಾರರಲ್ಲಿ ಒಬ್ಬನಾದ ಪ್ವಾಸೋಂಗೆ ಅದು ಹಿಡಿಸಲಿಲ್ಲ. ಇದು ನಿಜವಾದರೆ ದುಂಡನೆಯ ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಾಗುತ್ತದೆ, ಇದೆಂಥ ಅಸಂಬದ್ಧ ಎಂದು ಲೆಕ್ಕ ಹಾಕಿ ತೋರಿಸಿದ. ಇನ್ನೊಬ್ಬ ತೀರ್ಪುಗಾರ ಅರಾಗೋ ಮಾತಾಡದೆ ಪ್ರಯೋಗ ಮಾಡಿಯೇ ನೋಡಿದ. ನೆರಳಿನ ನಡುವೆ ಚುಕ್ಕೆ ಬೆಳಗುತ್ತಿತ್ತು. ಬಹುಮಾನ ಫ್ರೆನೆಲ್‌ನದಾಯಿತು.

ಫ್ರೆನೆಲ್‌ನ ಗಣಿತದ ಪ್ರಕಾರ ಅಲೆಯನ್ನು ಒಂದರ ಸುತ್ತ ಒಂದು ಬಳೆಗಳಾಗಿ ವಿಂಗಡಿಸಬಹುದು. ಒಂದು ಬಳೆಯ ಬೆಳಕು ಪಕ್ಕದ ಬಳೆಯದನ್ನು ಅಳಿಸುತ್ತದೆ. ಒಂದು ಬಿಟ್ಟು ಒಂದನ್ನು ಮುಚ್ಚಿದರೆ ಉಳಿದವೆಲ್ಲ ಕೂಡಿ ಒಂದು ಬಿಂದುವಿನಲ್ಲಿ ಬೆಳಗುತ್ತವೆ. ರಂಗೋಲಿಯಂಥ ಆ ಬಳೆಚಕ್ರವೇ ಮಸೂರದ ಕೆಲಸ ಮಾಡುತ್ತದೆ. ಇದನ್ನು ಲಾರ್ಡ್ ರೇಲಿ 1871ರಲ್ಲಿ ಟಿಪ್ಪಣಿ ಪುಸ್ತಕದಲ್ಲಿ ಗುರುತು ಮಾಡಿಟ್ಟ, 1875ರಲ್ಲಿ ಜಿನೀವಾದ ಸೊರೆ ಪ್ರಕಟಿಸಿದ. 1898ರಲ್ಲಿ ಅಮೆರಿಕದ ಆರ್.ಡಬ್ಲ್ಯು. ವುಡ್, ಬಳೆಗಳನ್ನು ಮುಚ್ಚುವ ಬದಲು ಪಾರದರ್ಶಕವಾಗಿಯೇ ಇಟ್ಟು, ಅಲೆಯನ್ನು ಅರ್ಧ ಹೆಜ್ಜೆ ತಡಮಾಡಿದರೆ ಬೆಳಕು ವ್ಯರ್ಥವಾಗುವುದಿಲ್ಲ ಎಂದು ಮಾಡಿ ತೋರಿಸಿದ. ಈ ಚಕ್ರಕ್ಕೆ ಒಂದು 'ದೋಷ' ಇದೆ. ಬೆಳಕಿನ ಒಂದು ಪಾಲು ಬಾಗಿ ನಾಭಿಗೆ ಹೋದರೆ ಇನ್ನೊಂದು ಪಾಲು ಏನೂ ಆಗದವರಂತೆ ನೇರ ಹೋಗಿಬಿಡುತ್ತದೆ. ದೂರದರ್ಶಕ ಮಾಡುವವರಿಗೆ ಇದು ತಲೆನೋವು. ಮುದಿಗಣ್ಣಿಗೆ ವರ. ಬಾಗಿದ ಪಾಲಿನಲ್ಲಿ ಮಣಿ ಸ್ಪಷ್ಟ, ನೇರ ಪಾಲಿನಲ್ಲಿ ಗುರಿ ಸ್ಪಷ್ಟ, ಎರಡೂ ಒಂದೇ ಗೆರೆಯಲ್ಲಿ, ಒಂದೇ ಕ್ಷಣದಲ್ಲಿ!

ಅಮೆರಿಕದ ಐಡಾಹೊ ನ್ಯಾಷನಲ್ ಲ್ಯಾಬೊರೇಟರಿ, ಅಣುಶಕ್ತಿ ಸಂಶೋಧನೆಗೆ ಹೆಸರಾದ ಸಂಸ್ಥೆ, ಈ ಚಕ್ರವನ್ನು ಪುಟ್ಟ ಪಾರದರ್ಶಕ ಬಿಲ್ಲೆಯಾಗಿ ಮಾಡಿ ಹಿಂದಿನ ಸೈಟಿನ ತೂತಿನಲ್ಲಿ ಕೂರಿಸಿತು. ಬ್ಯಾಟರಿಯಿಲ್ಲ, ದುರ್ಬೀನಿಲ್ಲ. ನಾನೂ ಕಾಗದದ ಮೇಲೆ ಲೆಕ್ಕ ಹಾಕಿದೆ. 80 ಸೆಂಟಿಮೀಟರಿನ ಮಣಿಗೆ, ಹಸಿರು ಬೆಳಕಿಗೆ, ನಡುವಿನ ವೃತ್ತದ ಅಡ್ಡಳತೆ 1.3 ಮಿಲಿಮೀಟರ್ ಬರುತ್ತದೆ. ಮೂರು ಮಿಲಿಮೀಟರಿನ ಪಾಪೆಯೊಳಗೆ ಐದೇ ಐದು ಬಳೆ. ಆ 1.3 ನೋಡಿ ಒಂದು ಕ್ಷಣ ಪೆನ್ನು ಕೆಳಗಿಟ್ಟೆ. ದೊಡ್ಡಪ್ಪನ ಟೇಪಿನ ತೂತು ಹೆಚ್ಚುಕಡಿಮೆ ಅಷ್ಟೇ ಇತ್ತು. ಅವರು ಸೂಜಿ ಕಾಯಿಸಿ, ಅಂದಾಜಿನ ಮೇಲೆ, ಫ್ರೆನೆಲ್‌ನ ಚಕ್ರದ ಮೊದಲ ಮನೆಯನ್ನು ಕೊರೆದಿದ್ದರು. ಹೊರಗಿನ ಬಳೆಗಳಷ್ಟೇ ಬಾಕಿ.

ಇಷ್ಟೆಲ್ಲ ಓದುವಾಗ ಒಂದು ಕಸಿವಿಸಿ ಜೊತೆಗಿತ್ತು. ಕೋವಿ ಕೊಲ್ಲುವ ವಸ್ತು. ರಾಯಚೂರಿನ ಗೋಡೆಯ ಮೇಲೆ ಇಣುಕಿದವನಿಗೆ ಕೆಳಗಿನವನ ಕಣ್ಣು ಚುರುಕಾಗಿದ್ದದ್ದು ಶುಭಸಮಾಚಾರ ಆಗಿರಲಿಲ್ಲ. ಕೊಡಗಿನಲ್ಲಿ ಮಗು ಹುಟ್ಟಿದರೂ ಮನೆಯವರು ಸತ್ತರೂ ಆಕಾಶಕ್ಕೆ ಗುಂಡು ಹಾರುತ್ತದೆ, ಪುತ್ತರಿಯ ಕದಿರು ತೆಗೆಯುವಾಗಲೂ ಹಾರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಪರ ವಿರೋಧದ ಮಾತು ಕೋರ್ಟಿನವರೆಗೂ ಹೋಯಿತು. ಈ ವಿಷಯದಲ್ಲಿ ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಈ ಚರಿತ್ರೆಯಲ್ಲಿ ನನಗೆ ಕಂಡದ್ದನ್ನು ಹೇಳಬಹುದು. ಮುದಿಗಣ್ಣಿಗೆ ಒದಗಿದ ಜಾಣತನವೆಲ್ಲ ಒಂದೇ ಕಡೆ ನಿಂತಿಲ್ಲ. ಅದೇ ಬಳೆಚಕ್ರವನ್ನು 1980ರ ದಶಕದಿಂದ ಕಣ್ಣಿನ ವೈದ್ಯರು ಪೊರೆ ತೆಗೆದ ಕಣ್ಣೊಳಗೆ ಕೂರಿಸುವ ಮಸೂರದ ಮೇಲೂ ಕೆತ್ತಿಸುತ್ತಿದ್ದಾರೆ. ಓದಲೂ ದೂರ ನೋಡಲೂ ಒಂದೇ ಮಸೂರ ಸಾಕು ಎನ್ನುತ್ತಾರಲ್ಲ, ಅದರೊಳಗೆ ಇರುವುದು ಪ್ವಾಸೋಂ ನಕ್ಕು ತಳ್ಳಿಹಾಕಿದ ಆ ಚುಕ್ಕೆಯ ಗಣಿತ.

ಕಳೆದ ವರ್ಷ ಗೆಳೆಯನ ದೊಡ್ಡಪ್ಪನಿಗೂ ಪೊರೆಯ ಆಪರೇಷನ್ ಆಯಿತು. ಫೋನು ಮಾಡಿದಾಗ ಅವರೇ ಕಥೆ ಹೇಳಿದರು. ಮೊದಲು ಬಲಗಣ್ಣು. ಡಾಕ್ಟರು, ಓದಲು ಅನುಕೂಲವಾಗುವ ಮಸೂರ ಹಾಕಲೋ ದೂರ ನೋಡುವ ಮಸೂರ ಹಾಕಲೋ ಎಂದು ಕೇಳಿದರಂತೆ. ಎರಡಕ್ಕೂ ಆಗುವ ದುಬಾರಿ ಮಸೂರವೂ ಇದೆ, ಆದರೆ ರಾತ್ರಿ ದೀಪದ ಸುತ್ತ ಬಳೆ ಬಳೆ ಕಾಣಬಹುದು ಎಂದೂ ಹೇಳಿದರಂತೆ. ಇವರು ಸ್ವಲ್ಪ ಯೋಚಿಸಿ ಕೈಯನ್ನು ಮುಂದೆ ಚಾಚಿ ಹೆಬ್ಬೆರಳು ತೋರಿಸಿದರಂತೆ.

"ಓದ್ಲಿಕ್ಕೆ ಕನ್ನಡಕ ಉಂಟು ಡಾಕ್ಟ್ರೇ, ದೂರಕ್ಕೂ ಕನ್ನಡಕ ಹಾಕಿಕೊಳ್ತೇನೆ. ನೀವು ಇಲ್ಲಿಗೆ ಇಡಿ. ಇನ್ನು ಒಂದು ಗೇಣು ಮುಂದೆ."

ಡಾಕ್ಟರಿಗೆ ಅರ್ಥವಾಗಲಿಲ್ಲವಂತೆ. ಪಕ್ಕದಲ್ಲಿದ್ದ ದೊಡ್ಡಮ್ಮನಿಗೆ ಅರ್ಥವಾಯಿತು. "ಅವರ ಮಾತು ಕೇಳ್ಬೇಡಿ, ಮೊಮ್ಮಕ್ಕಳ ಮುಖ ಕಾಣುವ ಹಾಗೆ ಇಡಿ" ಅಂದರಂತೆ.

ಕೊನೆಗೆ ಯಾವುದು ಹಾಕಿದರು ಎಂದು ಕೇಳಿದೆ. "ಮೊಮ್ಮಕ್ಕಳು ಎಷ್ಟು ದೂರ ಕೂತ್ಕೊಳ್ತಾರೆ ಹೇಳು? ಅಳೆದು ನೋಡಿದೆ, ಮೂರಡಿ" ಅಂದರು.

ಈ ಸಲ ಹಬ್ಬಕ್ಕೆ ಬರಲೇಬೇಕಂತೆ. ಟೇಪು ಅಂಟಿಸಿದ ಹಳೆಯ ಕನ್ನಡಕವನ್ನು ನನಗಾಗಿ ಎತ್ತಿಟ್ಟಿದ್ದಾರಂತೆ.